ಅಮ್ಮನ ಕೈಗೆ ಸ್ಮಾರ್ಟ್‌ಫೋನ್ ಕೊಡೋ ಮುಂಚೆ ಮಾಡ್ಬೇಕಾದ ಕೆಲಸಗಳು

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅರಸೀಕೆರೆಯಿಂದ ಅಮ್ಮ ಪಕ್ಕದ್ಮನೆಯವರ ಫೋನಿಂದ ಕಾಲ್ ಮಾಡಿದ್ಲು. "ನಿಮ್ಮಣ್ಣ ತಂದ್ಕೊಟ್ಟ ಹೊಸ ಫೋನ್ ಕೆಟ್ಟೋಯ್ತು ಕಣೇ, ವಾಟ್ಸಾಪ್ ಒಳಗೆ ಹೋದೆ, ಈಗ ಆಚೆ ಬರೋಕೇ ಆಗ್ತಿಲ್ಲ" ಅಂತ. ಫೋನ್‌ಗೆ ಏನೂ ಆಗಿರ್ಲಿಲ್ಲ. ಹಳೇ ಫೋನಲ್ಲಿ ಸ್ಕ್ರೀನ್ ಕೆಳಗಡೆ ಮೂರು ಬಟನ್ ಇದ್ವು, ಹೊಸದ್ರಲ್ಲಿ ಅವು ಹೋಗಿ ಬೆರಳಲ್ಲಿ ಎಳಿಯೋ ಜೆಸ್ಚರ್ ಬಂದಿತ್ತು, ಅಷ್ಟೇ. ನಾನು ಬೆಂಗಳೂರಲ್ಲಿ ಕೂತ್ಕೊಂಡು "ಕೆಳಗಿಂದ ಬೆರಳು ಮೇಲಕ್ಕೆ ಎಳಿಯಮ್ಮ" ಅಂದೆ. ಅಮ್ಮ ಪಕ್ಕದ್ಮನೆ ಫೋನ್ ಕಿವಿಗಿಟ್ಕೊಂಡು ತನ್ನ ಫೋನ್ ನೋಡ್ತಾ ಕೇಳಿದ್ಲು, "ಎಲ್ಲಿಂದ ಎಳೀಲಿ? ಅಲ್ಲಿ ಏನೂ ಇಲ್ವಲ್ಲ."

ನಾನು ಹತ್ತು ವರ್ಷದಿಂದ ಆ್ಯಪ್ ಡಿಸೈನ್ ಮಾಡ್ಕೊಂಡೇ ಜೀವನ ನಡೆಸ್ತಿರೋಳು. ಮೀಟಿಂಗ್‌ಗಳಲ್ಲಿ "ಸ್ಕ್ರೀನ್ ಎಷ್ಟು ಕ್ಲೀನ್ ಆಗಿದೆ ನೋಡಿ" ಅಂತ ಖುಷಿಯಾಗಿ ತೋರಿಸಿದೀನಿ, ಬಟನ್‌ಗಳನ್ನ ಮೂರು ಗೆರೆ ಇರೋ ಮೆನು ಒಳಗೆ ತುಂಬಿದೀನಿ, ಐಕಾನ್ ಕೆಳಗಿನ ಹೆಸರು ತೆಗ್ಸಿದೀನಿ. ಅಮ್ಮನ ಆ ಮಾತು ಕೇಳಿದ್ಮೇಲೆ ಅದೆಲ್ಲ ಬೇರೆ ಥರ ಕಾಣ್ಸೋಕೆ ಶುರುವಾಯ್ತು. ಅಲ್ಲಿ ಏನೂ ಇಲ್ಲ ಅಂದ್ರೆ ನಮ್ಮಂಥೋರು ತೆಗೆದಿದ್ದಕ್ಕೇ ಇಲ್ಲ. ಮುಂದಿನ ಶನಿವಾರ ಊರಿಗೆ ಹೋಗಿ ಎರಡು ದಿನ ಕೂತು ಆ ಫೋನನ್ನ ಪೂರ್ತಿ ಸೆಟ್ ಮಾಡ್ದೆ, ಆಮೇಲೆ ಚಿಕ್ಕಮ್ಮಂದು, ನಮ್ಮ ಅತ್ತೆದು, ಪಕ್ಕದ್ಮನೆಯವರದ್ದೂ ಮಾಡ್ಕೊಟ್ಟೆ. ಏನೇನು ಮಾಡ್ದೆ, ಯಾಕೆ ಮಾಡ್ದೆ ಅಂತ ಇಲ್ಲಿ ಬರೀತೀನಿ, ನಿಮ್ಮನೇಲೂ ಅಪ್ಪನೋ ಅಮ್ಮನೋ ಅಜ್ಜಿಯೋ ಹೊಸ ಫೋನ್ ಹಿಡ್ಕೊಂಡು ಒದ್ದಾಡ್ತಿದ್ರೆ ಉಪಯೋಗ ಆಗುತ್ತೆ.

ಇದೆಲ್ಲ ಆಂಡ್ರಾಯ್ಡ್ ಫೋನ್‌ಗೆ ಬರ್ದಿದ್ದು. ಒಂದೊಂದು ಕಂಪನಿ ಫೋನಲ್ಲಿ ಸೆಟ್ಟಿಂಗ್ಸ್ ಒಂದೊಂದು ಕಡೆ ಇರುತ್ತೆ, ಹೆಸರೂ ಸ್ವಲ್ಪ ಬೇರೆ ಇರುತ್ತೆ, ಹಾಗಾಗಿ ದಾರಿ ಹುಡುಕ್ತಾ ಕೂರ್ಬೇಡಿ. ಸೆಟ್ಟಿಂಗ್ಸ್ ಓಪನ್ ಮಾಡಿದ್ರೆ ಮೇಲ್ಗಡೆ ಸರ್ಚ್ ಇರುತ್ತೆ, ನಾನು ಹೇಳೋ ಪದ ಅಲ್ಲಿ ಟೈಪ್ ಮಾಡಿ, ಸಿಗುತ್ತೆ.

ಮೊದಲನೇ ಕೆಲಸ, ಫೋನ್ ಮುಟ್ಬೇಡಿ. ನಿಜವಾಗ್ಲೂ. ನಮಗೆಲ್ಲ ಒಂದು ಅಭ್ಯಾಸ ಇದೆ, "ಕೊಡಿಲ್ಲಿ" ಅಂತ ಕಿತ್ಕೊಂಡು ಟಕಟಕ ಅಂತ ನಾಲ್ಕು ಕಡೆ ಒತ್ತಿ ವಾಪಸ್ ಕೊಡೋದು. ಅವ್ರಿಗೆ ಏನೂ ಗೊತ್ತಾಗಲ್ಲ, ನಮಗೂ ಅವ್ರ ಕಷ್ಟ ಏನು ಅಂತ ಗೊತ್ತಾಗಲ್ಲ. ಅರ್ಧ ಗಂಟೆ ಪಕ್ಕದಲ್ಲಿ ಕೂತು ಸುಮ್ನೆ ನೋಡಿ. ನಾನು ನೋಡಿದಾಗ ಕಂಡಿದ್ದು ಇಷ್ಟು: ಅಮ್ಮ ಫೋನನ್ನ ಕೈಯಲ್ಲಿ ಹಿಡಿಯಲ್ಲ, ಊಟದ ಟೇಬಲ್ ಮೇಲೆ ಇಟ್ಕೊಂಡು ತೋರುಬೆರಳಲ್ಲಿ ಒತ್ತುತಾಳೆ. ಕಾಲಿಂಗ್ ಬೆಲ್ ಒತ್ತೋ ಹಾಗೆ ಗಟ್ಟಿಯಾಗಿ ಒತ್ತಿ ಸ್ವಲ್ಪ ಹೊತ್ತು ಹಾಗೇ ಇಟ್ಟಿರ್ತಾಳೆ, ಯಾಕಂದ್ರೆ ಮೂವತ್ತು ವರ್ಷ ಮುಟ್ಟಿದ ಬಟನ್‌ಗಳೆಲ್ಲ ಹಾಗೇ ಒತ್ತಿದ್ರೆ ಕೆಲಸ ಮಾಡೋವು. ಆದ್ರೆ ಸ್ಮಾರ್ಟ್‌ಫೋನಿಗೆ ಅದು ಲಾಂಗ್ ಪ್ರೆಸ್. ಐಕಾನ್ ಅಲ್ಲಾಡೋಕೆ ಶುರುವಾಗುತ್ತೆ, ಗಾಬರಿಯಲ್ಲಿ ಕೈ ಸರಿಸ್ತಾಳೆ, ಐಕಾನ್ ಇನ್ನೆಲ್ಲೋ ಹೋಗುತ್ತೆ, ಇಲ್ಲಾ ಮಾಯವೇ ಆಗುತ್ತೆ. "ತಾನಾಗೇ ಡಿಲೀಟ್ ಆಯ್ತು" ಅಂತ ಅವ್ರು ಹೇಳೋದು ಸುಳ್ಳಲ್ಲ, ಅವ್ರ ಕಡೆಯಿಂದ ನೋಡಿದ್ರೆ ತಾನಾಗೇ ಆಗಿದ್ದು.

ಆಮೇಲೆ ಒಂದು ಹಾಳೆ ತಗೊಂಡು, ಫೋನಲ್ಲಿ ಏನೇನು ಮಾಡ್ಬೇಕು ಅಂತ ಅವ್ರನ್ನೇ ಕೇಳಿ ಬರ್ಕೊಳಿ. ನಮ್ಮಮ್ಮ ಹೇಳಿದ್ದು ಆರು. ನಮ್ಮಿಬ್ರಿಗೆ ಮತ್ತೆ ಚಿಕ್ಕಮ್ಮಂಗೆ ಕಾಲ್, ವಾಟ್ಸಾಪ್ ವಿಡಿಯೋ ಕಾಲ್, ಮೊಮ್ಮಗಳ ಫೋಟೋ ನೋಡೋದು, ಯೂಟ್ಯೂಬಲ್ಲಿ ದೇವರನಾಮ, ಟಾರ್ಚ್, ಅಲಾರಂ. ಇಷ್ಟೇ. ನಾನು ಮನಸ್ಸಲ್ಲಿ ಲಿಸ್ಟ್ ಮಾಡ್ಕೊಂಡು ಹೋಗಿದ್ದ ಕ್ಯಾಬ್ ಬುಕಿಂಗ್, ಮಾತ್ರೆ ಆರ್ಡರ್ ಮಾಡೋದು, ಇಮೇಲ್ ಯಾವುದೂ ಅವಳಿಗೆ ಬೇಕಿರ್ಲಿಲ್ಲ. ಆ ಆರು ಕೆಲಸಕ್ಕೆ ಮಾತ್ರ ಫೋನ್ ರೆಡಿ ಮಾಡಿ, ಏಳನೇದು ಅವ್ರೇ ಕೇಳ್ತಾರೆ.

ಈಗ ಆ ಮೂರು ಬಟನ್. ಸೆಟ್ಟಿಂಗ್ಸಲ್ಲಿ "ನ್ಯಾವಿಗೇಶನ್" ಅಂತ ಹುಡುಕಿ, ಜೆಸ್ಚರ್ ಬಿಟ್ಟು ತ್ರೀ ಬಟನ್ ಆರಿಸಿ. ಒಂದೇ ನಿಮಿಷದ ಕೆಲಸ, ಈ ಗೈಡಲ್ಲಿ ಬೇರೆ ಏನೂ ಮಾಡದಿದ್ರೂ ಪರ್ವಾಗಿಲ್ಲ, ಇದೊಂದು ಮಾಡಿ. ಹಿಂದಕ್ಕೆ ಹೋಗೋಕೆ, ಮನೆಗೆ ವಾಪಸ್ ಬರೋಕೆ ಕಣ್ಣಿಗೆ ಕಾಣೋ ದಾರಿ ಇದ್ರೆ ವಯಸ್ಸಾದೋರಿಗೆ ಅರ್ಧ ಭಯ ಹೋಗುತ್ತೆ. ನಾನು ಅಮ್ಮಂಗೆ ಹೇಳ್ಕೊಟ್ಟಿದ್ದು "ಎಲ್ಲೇ ಸಿಕ್ಕಾಕೊಂಡ್ರೂ ಮಧ್ಯದ ಬಟನ್ ಒತ್ತು, ಮನೆಗೆ ಬರ್ತೀಯ" ಅಂತ ಒಂದೇ ಮಾತು, ಅಲ್ಲಿಂದಾಚೆ "ಫೋನ್ ಕೆಟ್ಟೋಯ್ತು" ಅನ್ನೋ ಕಾಲ್ ಬಂದಿಲ್ಲ.

ಆ ಬಟನ್‌ಗಳು ಹೋಗಿದ್ಯಾಕೆ ಅಂತ ಸ್ವಲ್ಪ ಹೇಳ್ಬೇಕು. 2017ರಲ್ಲಿ ಐಫೋನ್ ಎಕ್ಸ್ ಬಂದಾಗ ಹೋಮ್ ಬಟನ್ ತೆಗೆದ್ರು, 2018ರ ಆಂಡ್ರಾಯ್ಡ್ 9ರಲ್ಲಿ ಒಂದು ಮಾತ್ರೆ ಆಕಾರದ ಬಟನ್ ಬಂತು, 2019ರ ಆಂಡ್ರಾಯ್ಡ್ 10ರಲ್ಲಿ ಪೂರ್ತಿ ಜೆಸ್ಚರ್. ಅಂಚಿಂದ ಅಂಚಿಗೆ ಸ್ಕ್ರೀನ್ ಇದ್ರೆ ಅಂಗಡಿ ಶೋಕೇಸಲ್ಲಿ ಫೋನ್ ಚಂದ ಕಾಣುತ್ತೆ, ವಿಡಿಯೋಗೆ ಜಾಗ ಜಾಸ್ತಿ ಸಿಗುತ್ತೆ, ಅಭ್ಯಾಸ ಆದೋರಿಗೆ ಜೆಸ್ಚರ್ ಬೇಗನೂ ಹೌದು, ನಾನೇ ದಿನಾ ಉಪಯೋಗಿಸ್ತೀನಿ. ಆದ್ರೆ ಅಭ್ಯಾಸ ಆಗ್ಬೇಕಾದ್ರೆ ಮೊದ್ಲು ಅದು ಇದೆ ಅಂತ ಗೊತ್ತಾಗ್ಬೇಕಲ್ಲ. ಕಂಪ್ಯೂಟರಲ್ಲಿ ಕಟ್ ಕಾಪಿ ಪೇಸ್ಟ್ ಕಂಡುಹಿಡಿದ ಲ್ಯಾರಿ ಟೆಸ್ಲರ್ ಒಂದು ಮಾತು ಹೇಳ್ತಿದ್ರು, ಯಾವುದೇ ಸಿಸ್ಟಮಲ್ಲಿ ಒಂದಿಷ್ಟು ಜಟಿಲತೆ ಇದ್ದೇ ಇರುತ್ತೆ, ಅದನ್ನ ಇಲ್ಲದ ಹಾಗೆ ಮಾಡೋಕಾಗಲ್ಲ, ಅದರ ಭಾರ ಯಾರು ಹೊರ್ಬೇಕು ಅನ್ನೋದೊಂದೇ ಪ್ರಶ್ನೆ ಅಂತ. ನಮ್ಮ ಫೀಲ್ಡಲ್ಲಿ ಇದನ್ನ ಟೆಸ್ಲರ್ ನಿಯಮ ಅಂತಾರೆ. ನಾವು ಸ್ಕ್ರೀನಿಂದ ತೆಗೆದಿದ್ದೆಲ್ಲ ಎಲ್ಲಿಗೆ ಹೋಯ್ತು ಅಂದ್ರೆ ಅಮ್ಮನ ತಲೆಗೆ ಹೋಯ್ತು, ಅವಳು ನೆನಪಿಟ್ಕೋಬೇಕಾಯ್ತು.

ಅದೇ ಅಮ್ಮ ಹಿಂದೆ ನೋಕಿಯಾ 1100 ಇಟ್ಕೊಂಡಿದ್ಲು. 2003ರಲ್ಲಿ ಬಂದ ಫೋನ್, ಜಗತ್ತಲ್ಲಿ 25 ಕೋಟಿ ಮಾರಾಟ ಆಗಿತ್ತು, ನಮ್ಮೂರಲ್ಲಿ ಟಾರ್ಚ್ ಫೋನ್ ಅಂತಾನೇ ಹೆಸರು. ಕರೆಂಟ್ ಹೋದಾಗ ಕತ್ತಲಲ್ಲೂ ನಂಬರ್ ಒತ್ತೋಳು. ಕೀಪ್ಯಾಡ್ ಫೋನ್‌ಗಳ 5ನೇ ಬಟನ್ ಮೇಲೆ ಸಣ್ಣ ಉಬ್ಬು ಇರುತ್ತೆ ಗೊತ್ತಾ, ಬೆರಳಿಗೆ ಅದು ಸಿಕ್ಕಿದ್ರೆ ಉಳಿದ ನಂಬರ್ ಎಲ್ಲೆಲ್ಲಿ ಅಂತ ಕಣ್ಣಲ್ಲಿ ನೋಡೋದೇ ಬೇಡ. ಅಮ್ಮಂಗೆ ಟೆಕ್ನಾಲಜಿ ಬರಲ್ಲ ಅಂತ ಯಾರಾದ್ರೂ ಅಂದ್ರೆ ನಂಗೆ ಕೋಪ ಬರೋದು ಇದಕ್ಕೇ. ಕತ್ತಲಲ್ಲಿ ನಂಬರ್ ಒತ್ತಿದ ಕೈ ಅದು.

ಅಕ್ಷರದ ವಿಷಯಕ್ಕೆ ಬರೋಣ. ಸೆಟ್ಟಿಂಗ್ಸಲ್ಲಿ ಫಾಂಟ್ ಸೈಜ್ ಬೇರೆ, ಡಿಸ್‌ಪ್ಲೇ ಸೈಜ್ ಬೇರೆ. ಫಾಂಟ್ ಸೈಜ್ ಅಕ್ಷರ ಮಾತ್ರ ದೊಡ್ಡದು ಮಾಡುತ್ತೆ, ಡಿಸ್‌ಪ್ಲೇ ಸೈಜ್ ಬಟನ್, ಐಕಾನ್ ಎಲ್ಲಾನೂ ದೊಡ್ಡದು ಮಾಡುತ್ತೆ. ಎಲ್ರೂ ಫಾಂಟನ್ನ ಕೊನೇವರೆಗೂ ಎಳೆದುಬಿಡ್ತಾರೆ, ಆಗ ಎಷ್ಟೋ ಆ್ಯಪಲ್ಲಿ ಅಕ್ಷರ ಬಟನ್ ಒಳಗೆ ಹಿಡಿಸದೆ ಅರ್ಧಕ್ಕೆ ಕಟ್ ಆಗುತ್ತೆ, "ಸರಿ" "ರದ್ದು" ಬಟನ್ ಸ್ಕ್ರೀನ್ ಆಚೆಗೇ ಹೋಗಿಬಿಡುತ್ತೆ. ನಾನು ಮಾಡೋದು ಮೊದಲು ಡಿಸ್‌ಪ್ಲೇ ಸೈಜ್ ಒಂದು ಹೆಜ್ಜೆ ಏರಿಸಿ, ಆಮೇಲೆ ಫಾಂಟ್ ಒಂದೊಂದೇ ಹೆಜ್ಜೆ ಏರಿಸ್ತಾ, ಪ್ರತಿ ಸಲ ವಾಟ್ಸಾಪ್ ಓಪನ್ ಮಾಡಿ ಕನ್ನಡಕ ಹಾಕ್ಕೊಂಡು ಓದಿಸಿ ನೋಡೋದು. 2023ರ ಆಂಡ್ರಾಯ್ಡ್ 14ರಲ್ಲಿ ಅಕ್ಷರ ಎರಡರಷ್ಟು ಅಂದ್ರೆ 200 ಪರ್ಸೆಂಟ್‌ವರೆಗೂ ದೊಡ್ಡದು ಮಾಡ್ಬಹುದು, ಮೊದಲೇ ದೊಡ್ಡದಿರೋ ಹೆಡಿಂಗನ್ನ ಅದು ಅಷ್ಟೊಂದು ಹಿಗ್ಗಿಸಲ್ಲ, ಚಿಕ್ಕ ಅಕ್ಷರವನ್ನೇ ಜಾಸ್ತಿ ಹಿಗ್ಗಿಸುತ್ತೆ. ತುಂಬಾ ಒಳ್ಳೇ ಕೆಲಸ ಅದು, ಯಾರು ಮಾಡಿದ್ರೋ ಅವ್ರಿಗೆ ಮನಸಾರೆ ಥ್ಯಾಂಕ್ಸ್. ಜೊತೆಗೆ ಬೋಲ್ಡ್ ಟೆಕ್ಸ್ಟ್ ಇದ್ರೆ ಅದನ್ನೂ ಆನ್ ಮಾಡಿ. 2013ರಲ್ಲಿ ಐಫೋನಿನ ಹೊಸ ರೂಪ ಐಓಎಸ್ 7, 2014ರಲ್ಲಿ ಗೂಗಲ್‌ನ ಮಟೀರಿಯಲ್ ಡಿಸೈನ್ ಅನ್ನೋ ವಿನ್ಯಾಸ ಶೈಲಿ ಬಂದ್ಮೇಲೆ ನಾವೆಲ್ಲ ಬಿಳಿ ಮೇಲೆ ತೆಳು ಬೂದು ಅಕ್ಷರ ಇಡೋಕೆ ಶುರು ಮಾಡಿದ್ವಿ, ಆಫೀಸಿನ ಒಳ್ಳೇ ಮಾನಿಟರಲ್ಲಿ ಅದು ಚೆನ್ನಾಗೇ ಕಾಣುತ್ತೆ, ಹಿತ್ತಲ ಬಿಸಿಲಲ್ಲಿ ಎಂಟು ಸಾವಿರದ ಫೋನಲ್ಲಿ ಏನೂ ಕಾಣಲ್ಲ.

ಇನ್ನು ಆ ಗಟ್ಟಿಯಾಗಿ ಒತ್ತೋ ಬೆರಳಿಗೆ ಒಂದು ಔಷಧಿ ಇದೆ, ತುಂಬಾ ಜನಕ್ಕೆ ಗೊತ್ತೇ ಇಲ್ಲ. ಆ್ಯಕ್ಸೆಸಿಬಿಲಿಟಿ ಒಳಗೆ "ಟಚ್ ಅಂಡ್ ಹೋಲ್ಡ್ ಡಿಲೇ" ಅಂತ ಇರುತ್ತೆ, ಶಾರ್ಟ್ ಇಂದ ಲಾಂಗ್‌ಗೆ ಬದಲಾಯಿಸಿ. ಆಗ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೂ ಫೋನ್ ಅದನ್ನ ಮಾಮೂಲಿ ಟಚ್ ಅಂತಾನೇ ತಗೊಳುತ್ತೆ. ಅಮ್ಮನ ಫೋನಲ್ಲಿ ಇದನ್ನ ಬದಲಾಯಿಸಿ ಕೈಗೆ ಕೊಟ್ಟೆ, ಕ್ಯಾಮೆರಾ ಐಕಾನ್ ಮೇಲೆ ಮಾಮೂಲಿ ಥರಾನೇ ಬೆರಳಿಟ್ಲು, ತೆಗೆದ್ಲು, ಕ್ಯಾಮೆರಾ ಓಪನ್ ಆಯ್ತು. ತಲೆ ಎತ್ತಿ ನನ್ನ ಮುಖ ನೋಡಿದ್ಲು. ಅವಳು ಏನೂ ಬದಲಾಯಿಸಿರ್ಲಿಲ್ಲ, ಫೋನ್ ಅವಳ ದಾರಿಗೆ ಬಂದಿತ್ತು. ಹಾಗೇ ಹೋಮ್ ಸ್ಕ್ರೀನ್ ಖಾಲಿ ಜಾಗ ಒತ್ತಿ ಹಿಡಿದು ಹೋಮ್ ಸೆಟ್ಟಿಂಗ್ಸಿಗೆ ಹೋದ್ರೆ ಲೇಔಟ್ ಲಾಕ್ ಮಾಡೋ ಆಪ್ಷನ್ ಬಹಳಷ್ಟು ಫೋನಲ್ಲಿ ಇರುತ್ತೆ, ಎಲ್ಲಾ ಜೋಡಿಸಿದ್ಮೇಲೆ ಲಾಕ್ ಮಾಡಿ, ಐಕಾನ್ ಕಳೆದುಹೋಗೋ ಕಥೆ ಅಲ್ಲಿಗೆ ಮುಗೀತು. ಆಟೋ ರೊಟೇಟ್ ಆಫ್ ಮಾಡಿ, ಸ್ಕ್ರೀನ್ ಟೈಮ್‌ಔಟ್ 2 ನಿಮಿಷಕ್ಕೆ ಇಡಿ, ಅವ್ರು ಒಂದು ಮೆಸೇಜ್ ಓದಿ ಮುಗಿಸೋ ಮುಂಚೆ ಸ್ಕ್ರೀನ್ ಆರಿಹೋದ್ರೆ ಮತ್ತೆ ಮೊದಲಿಂದ ಶುರು.

ಹೋಮ್ ಸ್ಕ್ರೀನ್ ಒಂದೇ ಪೇಜ್ ಇರ್ಲಿ. ಮೇಲ್ಗಡೆ ದೊಡ್ಡ ಗಡಿಯಾರ, ಅದರ ಕೆಳಗೆ ಕಾಂಟ್ಯಾಕ್ಟ್ ವಿಜೆಟಲ್ಲಿ (ವಿಜೆಟ್ ಅಂದ್ರೆ ಹೋಮ್ ಸ್ಕ್ರೀನ್ ಮೇಲೇ ಇಡೋ ಆ್ಯಪಿನ ಸಣ್ಣ ತುಂಡು) ಡೈರೆಕ್ಟ್ ಡಯಲ್ ಇಟ್ಟು ಮಕ್ಕಳ ಫೋಟೋ, ಫೋಟೋ ಮುಟ್ಟಿದ್ರೆ ಸೀದಾ ಕಾಲ್ ಹೋಗ್ಬೇಕು. ಆ ಫೋಟೋಗಳು ಮುಖ ತುಂಬಾ ಕಾಣೋ ಹಾಗಿರ್ಲಿ, ಮದುವೆ ಗ್ರೂಪ್ ಫೋಟೋದಿಂದ ಕತ್ತರಿಸಿದ್ದು ಬೇಡ. ಕೆಳಗೆ ಉಳಿದ ನಾಲ್ಕೈದು ಆ್ಯಪ್. ಬೆರಳಿಗೆ ಸಿಗೋ ಜಾಗ ಕಡಿಮೆ ಅಂದ್ರೂ 48 ಡಿಪಿ (ಸ್ಕ್ರೀನ್ ಅಳೆಯೋಕೆ ಡಿಸೈನರ್‌ಗಳು ಬಳಸೋ ಅಳತೆ), ಅಂದ್ರೆ ಸುಮಾರು 9 ಮಿಲಿಮೀಟರ್ ಇರ್ಬೇಕು ಅಂತ ಗೂಗಲ್ಲೇ ಡಿಸೈನರ್‌ಗಳಿಗೆ ಹೇಳುತ್ತೆ, ಬೆರಳು ನಡುಗೋರಿಗೆ ಅದೂ ಸಾಲಲ್ಲ, ಹಾಗಾಗಿ ಎರಡು ಐಕಾನ್ ಮಧ್ಯೆ ಒಂದು ಜಾಗ ಖಾಲಿ ಬಿಟ್ಟು ಇಡಿ. ಕೆಲವು ಕಂಪನಿ ಫೋನಲ್ಲಿ ಈಸಿ ಮೋಡ್, ಸಿಂಪಲ್ ಮೋಡ್ ಅಂತ ಬರುತ್ತೆ, ಸ್ಯಾಮ್‌ಸಂಗ್‌ದು ಚೆನ್ನಾಗಿದೆ, ಅದನ್ನ ಆನ್ ಮಾಡಿದ್ರೆ ಇದರಲ್ಲಿ ಅರ್ಧ ಕೆಲಸ ತಾನಾಗೇ ಆಗುತ್ತೆ. ಟಾರ್ಚನ್ನ ಮೇಲಿಂದ ಕೆಳಗೆ ಎಳೆದಾಗ ಬರೋ ಪ್ಯಾನೆಲಲ್ಲಿ ಮೊದಲನೇ ಬಟನ್ ಆಗಿ ಇಡಿ. ಎಲ್ಲಾ ಆದ್ಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಫೋನಲ್ಲಿ ಇಟ್ಕೊಳಿ, ಮುಂದೆ ದೂರದಿಂದ "ಎರಡನೇ ಸಾಲಲ್ಲಿ ಎಡಗಡೆ ಹಸಿರುದು" ಅಂತ ಹೇಳೋಕೆ ಅದು ಬೇಕೇ ಬೇಕಾಗುತ್ತೆ.

ಭಾಷೆ ಬಗ್ಗೆ ನಂಗೆ ಹೇಳೋದು ಬಹಳ ಇದೆ. ಮೊದಮೊದಲ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡ ಅಂದ್ರೆ ಬರೀ ಚೌಕ ಚೌಕ ಡಬ್ಬಿ ಕಾಣ್ತಿತ್ತು, ಒಪೆರಾ ಮಿನಿ ಅನ್ನೋ ಬ್ರೌಸರಲ್ಲಿ ಅಡ್ರೆಸ್ ಜಾಗದಲ್ಲಿ ಕಾನ್ಫಿಗ್ ಅಂತ ಹೊಡೆದು ಬಿಟ್‌ಮ್ಯಾಪ್ ಫಾಂಟ್, ಅಂದ್ರೆ ಅಕ್ಷರವನ್ನ ಚಿತ್ರದ ಥರ ತೋರಿಸೋದು, ಆನ್ ಮಾಡಿ ಕನ್ನಡ ಓದಿದ ತಲೆಮಾರು ನಮ್ದು. 2014ರಲ್ಲಿ ಆಂಡ್ರಾಯ್ಡ್ 5 ಬಂದಾಗ ಇಡೀ ಫೋನನ್ನೇ ಕನ್ನಡಕ್ಕೆ ಇಡೋ ಹಾಗಾಯ್ತು. ಇವತ್ತು ಅದು ಎಲ್ಲಾ ಫೋನಲ್ಲೂ ಇದೆ, ಆದ್ರೆ ಊರಲ್ಲಿ ಫೋನ್ ಮಾರೋ ಅಂಗಡಿಯವರೇ ಇಂಗ್ಲಿಷಲ್ಲಿ ಸೆಟಪ್ ಮಾಡಿ ಕೊಟ್ಟುಬಿಡ್ತಾರೆ, ಯಾರೂ ಕೇಳೋದೇ ಇಲ್ಲ. ನೀವು ಕೇಳಿ. ಕೇಳಿ ಅಂತ ಯಾಕಂದೆ ಅಂದ್ರೆ ಎಲ್ರಿಗೂ ಕನ್ನಡವೇ ಸುಲಭ ಅಂತ ನಾವು ತೀರ್ಮಾನ ಮಾಡೋದೂ ತಪ್ಪು, ನಮ್ಮ ಚಿಕ್ಕಮ್ಮ ಇಂಗ್ಲಿಷ್ ಮೆನು ಆಕಾರ ನೋಡಿ ನೋಡಿ ಬಾಯಿಪಾಠ ಮಾಡ್ಕೊಂಡಿದ್ರು, ಕನ್ನಡಕ್ಕೆ ಹಾಕಿದ ತಕ್ಷಣ ಅವ್ರಿಗೆ ಎಲ್ಲಾ ಕಳೆದುಹೋದ ಹಾಗಾಯ್ತು, ಮತ್ತೆ ವಾಪಸ್ ಹಾಕ್ದೆ. ಅಮ್ಮಂಗೆ ಕನ್ನಡಾನೇ ಬೇಕಿತ್ತು. ಆಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪ್‌ಗೆ ಒಂದೊಂದು ಭಾಷೆ ಇಡ್ಬಹುದು, ಹಾಗಾಗಿ ವಾಟ್ಸಾಪ್ ಮಾತ್ರ ಕನ್ನಡ, ಉಳಿದಿದ್ದು ಇಂಗ್ಲಿಷ್ ಅಂತಾನೂ ಮಾಡ್ಬಹುದು.

ಒಂದು ಸಣ್ಣ ವಿಷಯ, ಆದ್ರೆ ನಂಗೆ ತುಂಬಾ ಬೇಜಾರಾಗೋ ವಿಷಯ. ಆ್ಯಪ್‌ಗಳಲ್ಲಿ ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿ ಇಟ್ಟಿರ್ತಾರೆ. ಕನ್ನಡಕ್ಕೆ ಒತ್ತಕ್ಷರ ಕೆಳಗೆ ಬರುತ್ತಲ್ಲ, ಅದಕ್ಕೆ ಜಾಗ ಇರಲ್ಲ, ಕತ್ತರಿಸಿಹೋಗುತ್ತೆ. "ರದ್ದು" ಅನ್ನೋದು "ರದು" ಥರ ಕಾಣುತ್ತೆ, "ಕಟ್ಟಿ" ಅನ್ನೋದು "ಕಟಿ". ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಕನ್ನಡ ವರ್ಷನ್ ಮಾಡುವಾಗ ಇದನ್ನ ಎತ್ತಿ ತೋರಿಸ್ದೆ, "ರಿಲೀಸ್ ಆದ್ಮೇಲೆ ನೋಡೋಣ" ಅಂದ್ರು, ನಾನೂ ಸುಮ್ಮನಾದೆ. ಆಮೇಲೆ ಯಾರೂ ನೋಡ್ಲಿಲ್ಲ. ಅವತ್ತು ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ಬೇಕಿತ್ತು ಅಂತ ಈಗ್ಲೂ ಅನ್ಸುತ್ತೆ. ಈ ಫೀಲ್ಡಲ್ಲಿ ಇರೋ ಕನ್ನಡದ ಹುಡುಗ ಹುಡುಗೀರು ಯಾರಾದ್ರೂ ಓದ್ತಿದ್ರೆ, ದಯವಿಟ್ಟು ಟೆಸ್ಟ್ ಮಾಡೋವಾಗ "ಸ್ವಾತಂತ್ರ್ಯ", "ಇಷ್ಟಪಟ್ಟಿದ್ದಾರೆ" ಥರದ ಪದ ಹಾಕಿ ನೋಡಿ.

ಟೈಪಿಂಗ್‌ಗೆ ಗೂಗಲ್ ಕೀಬೋರ್ಡ್ ಜಿಬೋರ್ಡಲ್ಲಿ ಕನ್ನಡ ಸೇರಿಸಿ, ಅದರಲ್ಲಿ ಮೈಕ್ ಇರುತ್ತೆ, ಒತ್ತಿ ಮಾತಾಡಿದ್ರೆ ಕನ್ನಡ ಅಕ್ಷರ ಬರುತ್ತೆ. ಬರೆಯೋ ಅಭ್ಯಾಸ ಇರೋರಿಗೆ ಹ್ಯಾಂಡ್‌ರೈಟಿಂಗ್ ಕೂಡ ಇದೆ, ಬೆರಳಲ್ಲಿ ಸ್ಕ್ರೀನ್ ಮೇಲೆ ಬರೆದ್ರೆ ಸಾಕು, ನಮ್ಮತ್ತೆ ರಿಟೈರ್ಡ್ ಮೇಷ್ಟ್ರು, ಅವ್ರಿಗೆ ಅದೇ ಇಷ್ಟ. ಅಮ್ಮ ಮೈಕ್ ಒತ್ತಿ ಮೊದಲ ಸಲ ಚಿಕ್ಕಮ್ಮಂಗೆ ಕಳ್ಸಿದ್ದು "ಹಲಸಿನಕಾಯಿ ಹಪ್ಪಳ ಒಣಗಿದೆ ಯಾವಾಗ ಬರ್ತೀಯ" ಅಂತ. ಅಲ್ಲಿವರೆಗೂ ಬೇರೆಯವರು ಕಳಿಸಿದ ಗುಡ್ ಮಾರ್ನಿಂಗ್ ಚಿತ್ರನೇ ಮುಂದಕ್ಕೆ ಕಳಿಸ್ತಿದ್ಲು, ಯಾಕಂದ್ರೆ ಬರೆಯೋಕೆ ದಾರಿ ಇರ್ಲಿಲ್ಲ.

ನೋಟಿಫಿಕೇಶನ್ ಕೆಲಸ ತಾಳ್ಮೆಯಿಂದ ಮಾಡ್ಬೇಕು, ಒಂದು ಗಂಟೆ ಬೇಕು. ಅಮ್ಮನ ಫೋನಲ್ಲಿ ನಾನು ನೋಡಿದಾಗ ಮೇಲಿಂದ ಎಳೆದ್ರೆ ಮೂವತ್ತಕ್ಕೂ ಜಾಸ್ತಿ ಇದ್ವು, ಅದರಲ್ಲಿ ಮನುಷ್ಯರು ಕಳಿಸಿದ್ದು ಎರಡು. ಉಳಿದಿದ್ದೆಲ್ಲ ಫೋನ್ ಜೊತೆಗೇ ಬಂದ ಗೇಮ್, ಬ್ರೌಸರ್ ನ್ಯೂಸ್, ಕ್ಲೀನರ್, ಸಾಲ ಕೊಡ್ತೀವಿ ಅನ್ನೋ ಆ್ಯಪ್. ಅಮ್ಮ ಪ್ರತಿಯೊಂದನ್ನೂ ಓದ್ತಿದ್ಲು, ಮನೆಗೆ ಬಂದ ಕಾಗದ ಓದ್ದೇ ಬಿಸಾಕೋ ಅಭ್ಯಾಸ ಅವಳಿಗಿಲ್ಲ. ನಂಗೆ ಆಫೀಸಲ್ಲಿ ಇದರ ಇನ್ನೊಂದು ತುದಿ ಗೊತ್ತು. ದಿನಕ್ಕೆ ಎಷ್ಟು ಜನ ಆ್ಯಪ್ ತೆರೆದ್ರು ಅನ್ನೋ ನಂಬರ್ ಇಳಿದ ವಾರ "ಒಂದು ಪುಶ್ ಕಳಿಸೋಣ" ಅಂತ, ಅಂದ್ರೆ ಎಲ್ರ ಫೋನಿಗೂ ಒಂದು ನೋಟಿಫಿಕೇಶನ್ ಕಳಿಸೋಣ ಅಂತ, ಯಾರಾದ್ರೂ ಹೇಳೇ ಹೇಳ್ತಾರೆ, ಆ ಪುಶ್ ಯಾರ ಮಧ್ಯಾಹ್ನದ ನಿದ್ದೆ ಕೆಡಿಸ್ತು ಅಂತ ಯಾವ ಚಾರ್ಟಲ್ಲೂ ಬರಲ್ಲ.

ಏನು ಮಾಡ್ಬೇಕು ಅಂದ್ರೆ, ಬಂದಿರೋ ಒಂದೊಂದು ನೋಟಿಫಿಕೇಶನ್ ಒತ್ತಿ ಹಿಡಿದ್ರೆ ಅಲ್ಲೇ ಆಫ್ ಮಾಡೋ ಆಪ್ಷನ್ ಬರುತ್ತೆ. ಆಂಡ್ರಾಯ್ಡ್ 8ರಿಂದ ಒಂದೇ ಆ್ಯಪಲ್ಲೂ ಬೇಕಾದ ಥರದ್ದು ಇಟ್ಕೊಂಡು ಬೇಡದ್ದು ಮಾತ್ರ ಆಫ್ ಮಾಡ್ಬಹುದು, ಬ್ಯಾಂಕ್ ಆ್ಯಪಲ್ಲಿ ವಹಿವಾಟಿನ ಮೆಸೇಜ್ ಇರ್ಲಿ, ಆಫರ್ ಹೋಗ್ಲಿ. ಆಂಡ್ರಾಯ್ಡ್ 13ರಿಂದ ಹೊಸದಾಗಿ ಹಾಕೋ ಆ್ಯಪ್‌ಗಳು ನೋಟಿಫಿಕೇಶನ್‌ಗೆ ಪರ್ಮಿಷನ್ ಕೇಳ್ಲೇಬೇಕು, ಕೇಳಿದಾಗ ಬೇಡ ಅನ್ನೋಕೆ ಹೇಳ್ಕೊಡಿ. ಐಕಾನ್ ಮೇಲಿನ ಕೆಂಪು ಚುಕ್ಕೆನೂ ಆಫ್ ಮಾಡಿ. ಲಾಕ್ ಸ್ಕ್ರೀನಲ್ಲಿ ಬದಲಾಗ್ತಾ ಬರೋ ಜಾಹೀರಾತು ವಾಲ್‌ಪೇಪರ್ ಇದ್ರೆ ಅದನ್ನ ತೆಗೆದು ಮೊಮ್ಮಗಳ ಫೋಟೋ ಹಾಕಿ. ಸೆಟ್ಟಿಂಗ್ಸಲ್ಲಿ "ರೆಕಮಂಡೇಶನ್", "ಪರ್ಸನಲೈಸ್ಡ್ ಆ್ಯಡ್ಸ್" ಅಂತ ಹುಡುಕಿ ಸಿಕ್ಕಿದ್ದೆಲ್ಲ ಆಫ್ ಮಾಡಿ. ಬೇಡದ ಆ್ಯಪ್ ಅನ್‌ಇನ್‌ಸ್ಟಾಲ್ ಆಗದಿದ್ರೆ ಡಿಸೇಬಲ್ ಮಾಡಿ.

ಇಲ್ಲಿ ಎಚ್ಚರ ಇರ್ಲಿ, ಆಫ್ ಮಾಡೋಕೆ ಹೋದ್ರೆ "ನಿಜವಾಗ್ಲೂ ಒಳ್ಳೇ ಅನುಭವ ಬೇಡವಾ?" ಅನ್ನೋ ಥರ ಕೇಳುತ್ತೆ, ಬೇಡ ಅನ್ನೋ ಬಟನ್ ಬೂದು ಬಣ್ಣದಲ್ಲಿ ಸಣ್ಣಕ್ಕೆ, ಬೇಕು ಅನ್ನೋದು ದೊಡ್ಡದಾಗಿ ನೀಲಿ. ಇದಕ್ಕೆ ಡಾರ್ಕ್ ಪ್ಯಾಟರ್ನ್ ಅಂತಾರೆ, 2010ರಲ್ಲಿ ಹ್ಯಾರಿ ಬ್ರಿಗ್ನಲ್ ಅನ್ನೋ ಬ್ರಿಟಿಷ್ ಡಿಸೈನರ್ ಇಟ್ಟ ಹೆಸರು. ನಮ್ಮ ದೇಶದಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಲ್ಲಿ ಇದರ ಬಗ್ಗೆ ಮಾರ್ಗಸೂಚಿ ತಂದು 13 ಥರದ ಮೋಸ ಪಟ್ಟಿ ಮಾಡಿದೆ, ಬೇಡ ಅನ್ನೋರಿಗೆ ನಾಚಿಕೆ ಆಗೋ ಹಾಗೆ ಬರೆಯೋದು, ಕೇಳದೆ ಬುಟ್ಟಿಗೆ ಸಾಮಾನು ಸೇರಿಸೋದು, ಬಿಟ್ಟೂ ಬಿಡದೆ ಕೇಳ್ತಾನೇ ಇರೋದು ಎಲ್ಲಾ ಅದರಲ್ಲಿದೆ. ದುಡ್ಡು ಹೋಗಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕಾಲ್ ಮಾಡಿ ದೂರು ಕೊಡಿ. ಎಸ್ಎಂಎಸ್ ಜಾಹೀರಾತು ನಿಲ್ಸೋಕೆ 1909ಕ್ಕೆ ಸ್ಟಾರ್ಟ್ 0 ಅಂತ ಇಂಗ್ಲಿಷಲ್ಲಿ ಮೆಸೇಜ್ ಕಳ್ಸಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳ್ತೀನಿ, ಯಾಕಂದ್ರೆ ಇದರಲ್ಲಿ ಉದ್ದ ಭಾಷಣ ಮಾಡಿದ್ರೆ ಅವ್ರು ಹೆದರಿ ಫೋನನ್ನೇ ಪಕ್ಕಕ್ಕಿಡ್ತಾರೆ. ಯುಪಿಐ ಅವ್ರಿಗೆ ಬೇಡ ಅಂದ್ರೆ ಹಾಕ್ಬೇಡಿ. ಬೇಕು ಅಂದ್ರೆ ಪೆನ್ಷನ್ ಬರೋ ಅಕೌಂಟ್ ಜೋಡಿಸ್ಬೇಡಿ, ಬೇರೆ ಒಂದು ಅಕೌಂಟಲ್ಲಿ ಎರಡು ಮೂರು ಸಾವಿರ ಇಟ್ಟು ಅದನ್ನ ಜೋಡಿಸಿ. ಒಂದೇ ವಾಕ್ಯ ಹೇಳ್ಕೊಡಿ: ದುಡ್ಡು ಬರೋಕೆ ಪಿನ್ ಬೇಡ, ಪಿನ್ ಕೇಳಿದ್ರೆ ದುಡ್ಡು ಹೋಗ್ತಿದೆ ಅಂತ. ಬ್ಯಾಲೆನ್ಸ್ ನೋಡೋಕೂ ಪಿನ್ ಕೇಳುತ್ತೆ, ಅದನ್ನ ನೀವು ಜೊತೆಗಿದ್ದಾಗ ತೋರಿಸಿ. ಇನ್ನು ಈಗ ವಾಟ್ಸಾಪಲ್ಲಿ ಮದುವೆ ಕಾರ್ಡ್, ಟ್ರಾಫಿಕ್ ಚಲನ್ ಅಂತ ಹೇಳಿ ಎಪಿಕೆ ಫೈಲ್ (ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್) ಕಳಿಸ್ತಾರೆ, ಒತ್ತಿದ್ರೆ ಆ್ಯಪ್ ಇನ್‌ಸ್ಟಾಲ್ ಆಗಿ ಒಟಿಪಿ ಎಲ್ಲಾ ಕದಿಯುತ್ತೆ. ಇದಕ್ಕೆ ಬರೀ ಬುದ್ಧಿವಾದ ಸಾಲಲ್ಲ, ಸೆಟ್ಟಿಂಗ್ಸಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಹುಡುಕಿ ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಎಲ್ಲದಕ್ಕೂ ಪರ್ಮಿಷನ್ ಇಲ್ಲ ಅಂತ ನೋಡಿ. ವಾಟ್ಸಾಪ್ ಪ್ರೈವಸಿಯಲ್ಲಿ ಗೊತ್ತಿಲ್ಲದ ನಂಬರ್ ಕಾಲ್ ಸೈಲೆಂಟ್ ಮಾಡಿ, ಗ್ರೂಪಿಗೆ ಸೇರಿಸೋಕೆ ಕಾಂಟ್ಯಾಕ್ಟಲ್ಲಿ ಇರೋರಿಗೆ ಮಾತ್ರ ಬಿಡಿ, ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. 1930 ಸೈಬರ್ ಕ್ರೈಮ್ ನಂಬರನ್ನ ಕಾಂಟ್ಯಾಕ್ಟಲ್ಲಿ ಸೇವ್ ಮಾಡಿ, ದುಡ್ಡು ಹೋದ್ರೆ ಎಷ್ಟು ಬೇಗ ಕಾಲ್ ಮಾಡಿದ್ರೆ ಅಷ್ಟು ಒಳ್ಳೇದು. ಹಾಗೇ ಹೇಳಿ, "ಏನೇ ಆದ್ರೂ ನಂಗೆ ಮೊದಲು ಫೋನ್ ಮಾಡಮ್ಮ, ಬಯ್ಯಲ್ಲ" ಅಂತ. ಮಕ್ಕಳು ಬಯ್ತಾರೆ ಅಂತ ಹೆದರಿ ಎರಡು ದಿನ ಮುಚ್ಚಿಟ್ಟು ದುಡ್ಡು ಕಳ್ಕೊಂಡೋರು ನಮ್ಮ ಬೀದಿಯಲ್ಲೇ ಇದ್ದಾರೆ.

ಎಮರ್ಜೆನ್ಸಿಗೆ ಲಾಕ್ ಸ್ಕ್ರೀನಲ್ಲಿ ಮೆಡಿಕಲ್ ಮಾಹಿತಿ, ನಿಮ್ಮ ನಂಬರ್ ಹಾಕಿಡಿ. ಹೊಸ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಬಟನ್ ಐದು ಸಲ ಬೇಗ ಬೇಗ ಒತ್ತಿದ್ರೆ ಎಸ್ಓಎಸ್ ಹೋಗೋ ಹಾಗೆ ಇಡ್ಬಹುದು, ಅದು 112ಕ್ಕೆ ಹೋಗುತ್ತಾ ನಿಮಗೆ ಬರುತ್ತಾ ಅಂತ ಸೆಟ್ಟಿಂಗಲ್ಲಿ ನೋಡ್ಕೊಳಿ.

ಈಗ ಹೇಳ್ಕೊಡೋದು. ನೂರು ಪೇಜಿನ ಒಂದು ನೋಟ್‌ಬುಕ್ ತಗೊಳಿ. ನೀವು ಬರೀಬೇಡಿ, ಅವ್ರ ಕೈಯಲ್ಲೇ ಬರೆಸಿ, ಅವ್ರ ಮಾತಲ್ಲೇ. ನಾನು "ವಿಡಿಯೋ ಐಕಾನ್ ಮೇಲೆ ಟ್ಯಾಪ್ ಮಾಡು" ಅಂದೆ, ಅಮ್ಮ ಬರ್ಕೊಂಡಿದ್ದು "ಮೇಲೆ ಬಲಗಡೆ ಲಾಟೀನು ಮಲಗಿಸಿದ ಹಾಗೆ ಒಂದು ಗುರುತು ಇದೆ, ಅದನ್ನು ಮುಟ್ಟುವುದು" ಅಂತ. ಆ ವಿಡಿಯೋ ಕ್ಯಾಮೆರಾ ಚಿತ್ರ ನೋಡಿ ಎಷ್ಟು ಸಾವಿರ ಸಲ ಸ್ಕ್ರೀನಲ್ಲಿ ಇಟ್ಟಿದೀನಿ, ಮಲಗಿಸಿದ ಲಾಟೀನು ನಂಗೆ ಒಂದ್ಸಲನೂ ಕಂಡಿರ್ಲಿಲ್ಲ. ಒಂದು ದಿನಕ್ಕೆ ಒಂದೇ ವಿಷಯ ಹೇಳ್ಕೊಡಿ, ಅವ್ರೇ ಮೂರು ಸಲ ಮಾಡ್ಲಿ, ನೀವು ಕೈ ಕಟ್ಕೊಂಡು ಕೂತಿರಿ. "ತುಂಬಾ ಸುಲಭ" ಅನ್ನೋ ಮಾತು ಆಡ್ಲೇಬೇಡಿ, ಸುಲಭ ಅಂದದ್ದು ಬರದೇ ಹೋದ್ರೆ ತಪ್ಪು ತಮ್ಮದೇ ಅಂತ ಅವ್ರು ಅನ್ಕೊಳ್ತಾರೆ. ಇನ್ನು ಬೇಕು ಅಂತಾನೇ ಎರಡು ಸಲ ತಪ್ಪು ಕಡೆ ಒತ್ತಿಸಿ, ಮಧ್ಯದ ಬಟನ್ ಒತ್ತಿ ವಾಪಸ್ ಬರ್ಸಿ, ದಾರಿ ತಪ್ಪಿದ್ರೂ ಏನೂ ಆಗಲ್ಲ ಅಂತ ಕೈಗೆ ಗೊತ್ತಾಗ್ಲಿ.

ದೂರದಿಂದ ಹೇಳುವಾಗ ಅವ್ರಿಗೆ ಏನು ಕಾಣ್ತಿದೆ ಅಂತ ಮೊದಲು ಓದಿಸಿ, ಆಮೇಲೆ ಬಣ್ಣ ಮತ್ತೆ ಜಾಗ ಹಿಡಿದು ಹೇಳಿ. ಮೆನು, ಐಕಾನ್, ಸ್ವೈಪ್ ಅನ್ನೋ ಪದ ಬೇಡ.

ಕೊನೇದು ಅಪ್‌ಡೇಟ್. ಸೆಕ್ಯೂರಿಟಿ ಅಪ್‌ಡೇಟ್ ನಿಲ್ಲಿಸ್ಬೇಡಿ, ಬ್ಯಾಂಕ್ ಆ್ಯಪ್ ಇರೋ ಫೋನ್‌ಗೆ ಅದು ಬೇಕೇ ಬೇಕು. ಆದ್ರೆ ದೊಡ್ಡ ಅಪ್‌ಡೇಟ್ ಬಂದಾಗ, ಅಂದ್ರೆ ಆಂಡ್ರಾಯ್ಡ್ ವರ್ಷನ್ನೇ ಬದಲಾಗೋವಾಗ, ನೀವು ಊರಿಗೆ ಹೋದಾಗಲೇ ಹಾಕಿ. ಹಾಕಿದ್ಮೇಲೆ ಮೂರು ಬಟನ್ ಇದೆಯಾ, ಅಕ್ಷರದ ಸೈಜ್ ಹಾಗೇ ಇದೆಯಾ, ಆಫ್ ಮಾಡಿದ ಜಾಹೀರಾತು ಮತ್ತೆ ಆನ್ ಆಗಿದೆಯಾ ಅಂತ ನೋಡಿ, ಫೋನ್ ಆ್ಯಪಲ್ಲಿ ಕಾಲ್ ಎತ್ತೋ ಬಟನ್ ಜಾಗ ಬದಲಾಗಿದ್ರೆ ನಿಮ್ಮ ಫೋನಿಂದ ಅವ್ರಿಗೆ ಕಾಲ್ ಮಾಡಿ ಮೂರು ಸಲ ಎತ್ತಿಸಿ. ಕಳೆದ ಯುಗಾದಿಗೆ ಹೋದಾಗ ಅಮ್ಮನ ಫೋನಲ್ಲಿ ಹಾಗೇ ಆಗಿತ್ತು, ಹಸಿರು ಬಟನ್ ಒತ್ತೋ ಜಾಗದಲ್ಲಿ ಈಗ ಎಳೆಯೋದು ಬಂದಿತ್ತು. ನಾನು ಹೇಳ್ಕೊಡೋಕೆ ಬಾಯಿ ತೆಗೆಯೋ ಮುಂಚೆ ಅಮ್ಮ ನೋಟ್‌ಬುಕ್ ತಂದು ಹಳೇ ಸಾಲಿಗೆ ಗೆರೆ ಎಳೆದು ಪೆನ್ ಹಿಡ್ಕೊಂಡು ಕೂತ್ಲು. "ಹೂಂ, ಈಗ ಏನಂತೆ ಹೇಳು, ಯಾವ ಕಡೆಗೆ ಎಳೀಬೇಕಂತೆ?"